ಸರ್ಪಸುತ್ತು ಬಿಟ್ಟುಹೋದ ಉರಿ

ಬಸ್ಸು ಧರ್ಮಪುರ ದಾಟಿದ್ದೇ ತಡ ಕಿಟಕಿಯ ಗಾಳಿ ಸೆರಗನ್ನು ಎಡಪಕ್ಕೆಗೆ ಒತ್ತಿತು, ಒತ್ತಿದ ಕಡೆ ಚುರ್ ಎಂದಿತು, ಬಂತು ನೋಡು ಎಂದುಕೊಂಡಳು ಏಕಾಂತಮ್ಮ, ಬರಲಿ, ಇದು ಗಾಳಿ, ಬೆಂಕಿಯಲ್ಲ, ಬಟ್ಟೆ, ಮುಳ್ಳಲ್ಲ — ಉಸಿರು ನಿಧಾನಕ್ಕೆ ಬಿಡಬೇಕು, ಹೆಗಲು ಸಡಿಲ ಮಾಡಬೇಕು, ಆರು ತಿಂಗಳ ಹಿಂದಾಗಿದ್ದರೆ ಇಷ್ಟಕ್ಕೇ ಕಂಡಕ್ಟರಿಗೆ ಹೇಳಿ ಇಳಿದುಬಿಡುತ್ತಿದ್ದಳು, ಇವತ್ತು ಇಳಿಯುವುದಿಲ್ಲ, ಹಿರಿಯೂರಿನ ತನಕ ಟಿಕೆಟ್ ಇದೆ, ಒಬ್ಬಳೇ ಹೊರಟಿದ್ದಾಳೆ, ಗಂಡ ಮೂರ್ತಪ್ಪ ಬೈಕ್ ಹೊರಗೆ ತೆಗೆದು ನಿಂತಿದ್ದ, ಬಸ್ಸಲ್ಲಿ ಜನ ತಿವೀತಾರೆ ಕಣೇ, ನಾನು ಬಿಟ್ಟು ಬರ್ತೀನಿ, ಬ್ಯಾಡ ಬಿಡ್ರಿ, ತಂಗಿ ಮನೆಗೆ ಹೋಗಾಕೆ ಕಾವಲು ಬೇಕಾ. ತಂಗಿ ಅನುಸೂಯ ಮಾತು ಬಿಟ್ಟು ಎಂಟು ತಿಂಗಳು, ತನ್ನ ಮಗಳು ಕೀರ್ತನಾಳ ಮದುವೆಗೆ ದೊಡ್ಡಮ್ಮನೇ ಬರಲಿಲ್ಲವೆಂದು, ಹೇಗೆ ಹೋಗುವುದು, ರವಿಕೆ ಮೈಗೆ ತಾಗಿದರೆ ಜೀವ ಹೋದಂತಾಗಿ ಮೂರ್ತಪ್ಪನ ಹಳೇ ಪಂಚೆ ಸುತ್ತಿಕೊಂಡು ಮೂಲೆಯಲ್ಲಿ ಕುಳಿತ ಕಾಲ ಅದು. ಸರ್ಪಸುತ್ತು ಎದ್ದಾಗ ಎಲ್ಲರೂ ಬಂದು ನೋಡಿದ್ದರು, ಪಕ್ಕೆ ತುಂಬ ನೀರುಗುಳ್ಳೆ, ನೆರೆಮನೆಯ ಪುಟ್ಟಕ್ಕ ಕೆಮ್ಮಣ್ಣು ಹಚ್ಚುತ್ತ ಸರ್ಪದ ತಲೆ ಬಾಲ ಕೂಡಬಾರದಮ್ಮ, ಕೂಡಿದ್ರೆ ಜೀವಕ್ಕೇ ಕುತ್ತು ಎಂದಿದ್ದಳು, ಕೂಡಲಿಲ್ಲ, ಗುಳ್ಳೆ ಒಣಗಿತು, ಹಕ್ಕಳೆ ಉದುರಿತು, ಚರ್ಮ ನುಣ್ಣಗಾಯಿತು, ಉರಿ ಮಾತ್ರ ಹೋಗಲಿಲ್ಲ, ಕಾಣುವ ಗಾಯಕ್ಕೆ ಮರುಗಿದವರು ಕಾಣದ ಉರಿಯನ್ನು ನಂಬಲಿಲ್ಲ, ಅನುಸೂಯ ಫೋನಿನಲ್ಲಿ, ಮಾಯ್ದು ವರ್ಷ ಆತು, ಇನ್ನೂ ನೋವಂತೆ, ಬರಾಕೆ ಮನಸಿಲ್ಲ ಅನ್ನು.

ತನಗೇ ಅನುಮಾನ ಬಂದಿತ್ತಲ್ಲ, ತಲೆ ಕೆಟ್ಟಿತೇನೋ ಎಂದು — ಚಿತ್ರದುರ್ಗದ ಡಾಕ್ಟರು ನಾಗಶ್ರೀ ಹತ್ತಿಯ ಎಳೆಯೊಂದನ್ನು ಪಕ್ಕೆಗೆ ಸೋಕಿಸಿ, ಇವಳು ಹಲ್ಲು ಕಚ್ಚಿದ್ದನ್ನು ನೋಡಿ, ಇದು ನಿಜವಾದ ನೋವೇ ಅಮ್ಮ, ನರಕ್ಕೆ ಪೆಟ್ಟಾಗಿದೆ ಎನ್ನುವ ತನಕ, ಆ ಒಂದು ಮಾತಿಗೆ ಅತ್ತಿದ್ದಳು, ಅತ್ತು ಕೇಳಿದ್ದಳು, ಬೋರಿನ ಮೋಟ್ರು ವೈರು ಇಲಿ ಕಡಿದಂಗಾ, ಹೂಂ, ಹಾಗೇ, ಸುಮ್ಮನೆ ಮುಟ್ಟಿದರೂ ಕರೆಂಟ್ ಹೊಡೆಯುತ್ತೆ, ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ, ತಗ್ಗಿಸೋಣ. ತಗ್ಗಿತು. ಮಾತ್ರೆ ಮೊದಲ ವಾರ ಮಂಪರು ತರಿಸಿತು, ಬಿಡಲಿಲ್ಲ, ದಿನಾ ಹತ್ತಿ, ಆಮೇಲೆ ಹಳೇ ಸೀರೆಯ ಚೂರು, ಆಮೇಲೆ ಟವೆಲ್, ತಾನೇ ಪಕ್ಕೆಗೆ ಸೋಕಿಸಿ ಸೋಕಿಸಿ ರೂಢಿ ಮಾಡಿದಳು, ಶೇಂಗಾ ಬಿಡಿಸಲು ಕೂತರೆ ನೋವು ಬಂದ ಮೇಲೆ ಏಳುವುದಲ್ಲ, ಬರುವ ಮುಂಚೆಯೇ ಎದ್ದು ನಾಲ್ಕು ಹೆಜ್ಜೆ ಹಾಕುವುದನ್ನು ಕಲಿತಳು, ಪುಟ್ಟಕ್ಕ ಸೋಮಾರಿ ಅಂದರೆ ಅನ್ನಲಿ, ಮುಂಚೆ ಉರಿ ಹೇಳಿದಂತೆ ಇವಳು ಕೇಳುತ್ತಿದ್ದಳು, ಈಗ ಅದೂ ಇವಳೂ ಒಂದೇ ಮನೆಯ ವಾರಗಿತ್ತಿಯರು, ಮಾತಿಗೆ ಮಾತು, ಒಲೆ ಮಾತ್ರ ಇವಳ ಕೈಯಲ್ಲಿ.

ಅಕ್ಕಾ, ಒಂಚೂರು ಹಿಡ್ಕಳ್ರಿ — ಬ್ರೇಕಿಗೆ ಜೋಲಿ ಹೊಡೆದ ಹೆಂಗಸೊಬ್ಬಳು ಉತ್ತರಕ್ಕೂ ಕಾಯದೆ ಕೂಸನ್ನು ಮಡಿಲಿಗೆ ಇಟ್ಟಳು, ಕೂಸು ಎಡಕ್ಕೇ ವಾಲಿತು, ಉರಿ ಎದ್ದಿತು, ಬಲಕ್ಕೆ ಸರಿಸಬಹುದು, ಸರಿಸಲೇ, ಕಣ್ಣು ಮುಚ್ಚುತ್ತಿದೆ ಪಾಪ, ಬೇಡ, ನೋಡೋಣ, ಇದು ಕೂಸು, ಬೆಂಕಿಯಲ್ಲ, ಉಸಿರು ನಿಧಾನಕ್ಕೆ, ಒಂದು, ಎರಡು, ನಿದ್ದೆಯಲ್ಲೇ ಕೂಸು ರವಿಕೆ ಹಿಡಿಯಿತು, ಹಿಡಿದ ಜಾಗವೂ ಅದೇ, ಮುಷ್ಟಿ, ಬಿಸಿ ಮುಷ್ಟಿ, ಉರಿ ಏರಿತು, ನಿಂತಿತು, ಇಳಿಯದೆ ಅಲ್ಲೇ ನಿಂತಿತು, ಇವಳೂ ಅಲ್ಲಾಡಲಿಲ್ಲ, ಹಿರಿಯೂರು ಬಂತು, ಸ್ಟ್ಯಾಂಡಿನಲ್ಲಿ ಅನುಸೂಯ, ಮೂರ್ತಪ್ಪ ಫೋನು ಮಾಡಿರಬೇಕು, ಮುಖ ಬಿಗಿದುಕೊಂಡೇ ಕಿಟಕಿಯ ಹತ್ತಿರ ಬಂದವಳು ಕೂಸನ್ನು ನೋಡಿದಳು, ಆ ಕಡೆ ಅಲ್ವೇನಕ್ಕ ನೋವು, ಹೂಂ ಕಣೇ, ಈ ಕಡೇನೇ, ಮತ್ತೆ ಈಗ ನೋಯಲ್ವಾ, ನೋಯ್ತೈತೆ, ನೋಯ್ಲಿ ಬಿಡು, ಮಲಗೈತೆ ಪಾಪ. ಅನುಸೂಯ ಬ್ಯಾಗು ಕೊಡು ಎಂದು ಕಿಟಕಿಯೊಳಗೆ ಕೈ ಚಾಚಿದಳು, ಕೊಡಬೇಕು, ಏಳಬೇಕು, ಕೂಸಿನ ತಾಯಿಯೂ ಕೈ ಚಾಚಿ ನಿಂತಿದ್ದಾಳೆ, ಕೂಸು ಬಿಡದು, ಐದು ಬೆರಳು, ರವಿಕೆಯ ಒಂದು ಹಿಡಿ, ಮುಷ್ಟಿ, ಬಿಸಿ ಮುಷ್ಟಿ —