ಅರ್ಧ ಸ್ಲ್ಯಾಬ್

ಇಪ್ಪತ್ತೆರಡು ವರ್ಷ ಮಂದಿಯ ಮನೆಗಳಿಗೆ ಕಾಂಕ್ರೀಟ್ ಹೊತ್ತು ಹೊತ್ತು ದುರಗವ್ವನ ನಡುನೆತ್ತಿಯ ಕೂದಲು ಸವೆದುಹೋಗಿತ್ತು. ಆ ನೆತ್ತಿಗೊಂದು ಸ್ವಂತ ಸೂರು ಬೇಕೆಂದು ಬೆಟಗೇರಿಯ ಓಣಿಯಲ್ಲಿ ಪುಂಡಲೀಕಪ್ಪನ ಹಳೆಯ ಮಣ್ಣಿನ ಮಾಳಿಗೆ ಮನೆ ಖರೀದಿಸಿದಳು. ಕಿವಿಯ ಬೆಂಡೋಲೆ ಹೋಯಿತು, ಸಾಕಿದ ಎರಡು ಎಮ್ಮೆಗಳೂ ಹೋದವು. ಸಾಲದ್ದಕ್ಕೆ ಮಹಿಳಾ ಸಂಘದ ಸಾಲ. ಖರೀದಿ ಪತ್ರ ಬರೆದವನು ಬಡಬಡ ಓದಿದ, ಅವಳು ಹೆಬ್ಬೆಟ್ಟು ಒತ್ತಿದಳು. ನಾಲ್ಕು ಗೋಡೆ ಕೊಂಡರೆ ಮೇಲಿನದೂ ಬಂತೆಂದು ತಿಳಿಯುವುದು ದಡ್ಡತನವೇನು? ಯಾರಾದರೂ ಹಾಗೇ ತಿಳಿಯುತ್ತಾರೆ.

ತೊಲೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ ಸೋರುತ್ತಿತ್ತು. ಅವಳು ಕೂಲಿ ಮಾಡುವ ತಂಡದ ಗೌಂಡಿ ಮೈಲಾರಪ್ಪ ಹತ್ತಿ ನೋಡಿದ.

“ತೊಲಿ, ಜಂತಿ ಎಲ್ಲಾ ಸಾಗವಾನಿ ಅದಾವ ದುರಗವ್ವಾ. ಹಳೇ ಮಣ್ಣ ತಗದು ಹೊಸಾ ಮಣ್ಣ ಹಾಕಿದ್ರ ಆತು.”

ಮೂರು ದಿನ ಕೂಲಿ ಬಿಟ್ಟು, ಗೆಳತಿ ಮಾಳವ್ವನ ಜೊತೆ ಅವಳೇ ಮಣ್ಣು ಇಳಿಸಿದಳು. ಕೊನೆಯ ಬುಟ್ಟಿ ಇಳಿದ ದಿನ ಪುಂಡಲೀಕಪ್ಪ ಟ್ರ್ಯಾಕ್ಟರ್ ತಂದು ಬಾಗಿಲಿಗೆ ನಿಲ್ಲಿಸಿದ.

“ಜಾಗಾ ಮಾರೇನಿ, ಗ್ವಾಡಿ ಮಾರೇನಿ. ಕಟಗಿ ಮಾರಿಲ್ಲ. ಕಾಗದದಾಗ ಐತಿ, ಓದಿಸ್ಕೊ.”

ದುರಗವ್ವನ ಮಗಳು ಭಾಗ್ಯಾ ಓದಿದಳು. ಮೂರನೇ ಹಾಳೆಯ ಕೆಳಗೆ ಆ ಸಾಲು ಇತ್ತು. ಬಡಬಡ ಓದಿದವನು ಅದೊಂದನ್ನು ನುಂಗಿದ್ದ.

“ಹಂಗಾದ್ರ ಇಷ್ಟ ದಿನಾ ಯಾಕ ಬರಲಿಲ್ರಿ ಸಾವ್ಕಾರ್ರ?” ಎಂದಳು ದುರಗವ್ವ.

ಅವನು ಆಳುಗಳನ್ನು ಮಾಳಿಗೆಗೆ ಹತ್ತಿಸಿದ. ಮಣ್ಣು ಇಳಿಸುವ ಕೂಲಿ ಅವನಿಗೆ ಉಳಿದಿತ್ತು, ಅಷ್ಟೇ. ಇಂಥವರ ಹೊಟ್ಟೆ ಏನು ತಿಂದರೆ ತುಂಬುತ್ತದೋ. ಸಂಜೆಯೊಳಗೆ ಕಟ್ಟಿಗೆಯೆಲ್ಲ ಹೇರಿಕೊಂಡು ಹೋದ.

ಹದಿನೈದು ದಿನಕ್ಕೆ ಗದಗಿನ ಹೊಸ ಬಡಾವಣೆಯಲ್ಲಿ ಪುಂಡಲೀಕಪ್ಪನ ಹೊಸ ಮನೆಯ ಸ್ಲ್ಯಾಬ್. ಕೆಲಸ ಮೈಲಾರಪ್ಪನ ತಂಡದ್ದು. ಹೊರುವ ಸಾಲಿನಲ್ಲಿ ದುರಗವ್ವನೂ ಇದ್ದಳು. ತಾಡಪತ್ರಿಯ ಕೆಳಗೆ ಮಲಗಿದರೂ ಹೊಟ್ಟೆ ಕೇಳಬೇಕಲ್ಲ. ಬುಟ್ಟಿ ಹೊರುವವರ ಮುಖ ಪುಂಡಲೀಕಪ್ಪ ಎಂದೂ ನೋಡಿದವನಲ್ಲ. ಮಿಕ್ಸರಿಗೆ ಕಾಯಿ ಒಡೆದು, ಮಧ್ಯಾಹ್ನ ಎಲ್ಲರಿಗೂ ಸಿಹಿಯೂಟ ಎಂದ.

ಸ್ಲ್ಯಾಬ್ ಶುರುವಾದರೆ ಮುಗಿಯುವವರೆಗೆ ನಿಲ್ಲಬಾರದು. ನಡುವೆ ನಿಂತರೆ ಜೋಡಿಸಿದಲ್ಲಿ ಬಿರುಕು ಬಿಟ್ಟು ಜನ್ಮಪೂರ್ತಿ ಸೋರುತ್ತದೆ. ಇದು ಹೊರುವವರಿಗೆ ಚೆನ್ನಾಗಿ ಗೊತ್ತು. ಅರ್ಧ ಮುಗಿದಾಗ ದುರಗವ್ವ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ಮಾಳವ್ವನೂ ಕೂತಳು. ದುರಗವ್ವನ ಬೋಳು ಗೋಡೆಗಳನ್ನು ತಂಡದವರೆಲ್ಲ ಹೋಗಿ ನೋಡಿ ಬಂದಿದ್ದರು. ಒಬ್ಬೊಬ್ಬರೇ ಹದಿನೆಂಟು ಮಂದಿಯೂ ಕೂತರು.

ಪುಂಡಲೀಕಪ್ಪ ಓಡಿ ಬಂದ. “ಏಳ್ರಬೇ, ಮಾಲ ಗಟ್ಟಿ ಆಗ್ತೈತಿ. ಡಬಲ್ ಪಗಾರ ಕೊಡ್ತೀನಿ.”

“ಪಗಾರ ಬ್ಯಾಡ್ರಿ. ನನ್ನ ತೊಲಿ ಕೊಡ್ರಿ.”

ಆಗ ಅವನು ದುರಗವ್ವನ ಮುಖ ನೋಡಿದ.

“ತೊಲಿ ಆಗಲೇ ಕೊಯ್ಸೀನಿ. ಬಾಗಲಾ ಆಗ್ಯಾವು. ಮೈಲಾರಪ್ಪಾ, ಇಕಿಗೆ ಹೇಳೋ.”

ಮೈಲಾರಪ್ಪ ಹೋಗಿ ಮಿಕ್ಸರ್ ಬಂದ್ ಮಾಡಿದ.

ಗೋಡೆಗೆ ಒರಗಿಸಿದ್ದ ಹೊಸ ಬಾಗಿಲುಗಳನ್ನು ದುರಗವ್ವ ನೋಡಿದಳು. ಅವಳ ಸೂರು ಇನ್ನು ತಿರುಗಿ ಬರುವುದಿಲ್ಲ. ಆದರೂ ದನಿ ಏರಿಸಲಿಲ್ಲ.

“ಸೋರ್ತೈತಿ ಅಂತ ಹೆದರಬ್ಯಾಡ್ರಿ ಸಾವ್ಕಾರ್ರ,” ಎಂದಳು. “ಉಳದ ಅರ್ಧಕ್ಕ ಆ ಖರೀದಿ ಕಾಗದ ಹಾಸ್ರಿ.”

ಯಾರೂ ಏಳಲಿಲ್ಲ. ಬಿಸಿಲಿಗೆ ಸ್ಲ್ಯಾಬಿನ ಅಂಚು ಬಿಳಿಚಿಕೊಳ್ಳತೊಡಗಿತು.