ಕುದುರೆ ನೋಡಬಲ್ಲ ಧಣಿ

ಶೂ ಬಿಚ್ಚಲು ಧಣಿ ಬಗ್ಗಿದ್ದೇ ತಡ, ಒಳಗಿದ್ದವರೆಲ್ಲ ಎದ್ದು ನಿಂತರು. ಯಾರೋ ಕುರ್ಚಿಯನ್ನು ತಮ್ಮ ಟವೆಲಿನಿಂದಲೇ ಒರೆಸಿ ಹೆಣದ ಪಕ್ಕಕ್ಕೆ ತಂದಿಟ್ಟರು. ಬಿಳಿ ಬಟ್ಟೆಯ ಕೆಳಗೆ ಮಲಗಿದ್ದವನು ಲಾಯದಣ್ಣ. ಇಪ್ಪತ್ತೆರಡು ವರ್ಷ ಧಣಿಯ ರೇಸ್ ಕುದುರೆಗಳನ್ನು ತಿಕ್ಕಿ ತೊಳೆದು ಸಾಕಿದವನು.

ಧಣಿ ಬಂದದ್ದು ಅಳುವುದಕ್ಕಲ್ಲ. ನಾಳೆ ರೇಸು. ಕರಿ ಕುದುರೆಯನ್ನು ಓಡಿಸುವುದೋ ಬಿಡುವುದೋ ಎಂದು ಹನ್ನೆರಡು ಗಂಟೆಯೊಳಗೆ ಹೇಳಬೇಕು. ಮೊನ್ನೆ ಅದರ ಹೆಜ್ಜೆ ತಪ್ಪಿತ್ತು. ಎಡ ಮುಂಗಾಲು ಮುಟ್ಟಿ ನೋಡುತ್ತಿದ್ದಾಗಲೇ ಲಾಯದಣ್ಣ ಎದೆ ಹಿಡಿದುಕೊಂಡು ಕುಸಿದದ್ದು. ಕುದುರೆ ಡಾಕ್ಟರು ಓಡಿಸಬಹುದು ಅಂದಿದ್ದರು. ಆದರೆ ಧಣಿಗೆ ಬೇಕಿದ್ದದ್ದು ಲಾಯದಣ್ಣನ ಮಾತು. ಸಾಯುವ ಮುಂಚೆ ಆಸ್ಪತ್ರೆಯಲ್ಲಿ ತನ್ನ ಹೆಂಡತಿಯ ಹತ್ತಿರ ಏನಾದರೂ ಅಂದಿದ್ದನೇ?

"ನಾಳೆ ಹೆಂಗೆ ಧಣಿ, ನಮ್ಮ ಕರಿ?" ಲಾಳ ಹೊಡೆಯುವವನು ಧಣಿಯ ಕಿವಿಯ ಹತ್ತಿರ ಬಾಯಿ ತಂದ.

"ಥೂ, ಸಾವಿನ ಮನೇಲೂ ಅದೇನಾ ನಿಂಗೆ!" ಲಾಳದವನ ಹೆಂಡತಿ ಗದರಿದಳು.

"ಅಲ್ಲ ಕಣೇ, ಅಣ್ಣ ಎದ್ದು ಕೂತಿದ್ರೂ ಮೊದಲು ಇದನ್ನೇ ಕೇಳ್ತಿದ್ದ."

ಬೈಗುಳ ತಮಗೇ ತಗುಲಿದಂತಾಗಿ ಧಣಿ ತಲೆ ತಗ್ಗಿಸಿದರು.

*

ಪ್ರತಿ ರೇಸಿನ ಹಿಂದಿನ ದಿನ ಬೆಳಿಗ್ಗೆ, ಪತ್ರಿಕೆಯವರು ಬರುವ ಮುಂಚೆ, ಲಾಯದಣ್ಣ ಕುಕ್ಕರಗಾಲಿನಲ್ಲಿ ಕೂತು ಕೈಯ ಹಿಂಬದಿಯಿಂದ ಕುದುರೆಯ ನಾಲ್ಕೂ ಕಾಲು ಸವರುತ್ತಿದ್ದ.

"ಬಲಗಾಲು ಚೂರು ಬೆಚ್ಚಗಿದೆ. ಬೇಡ ಧಣಿ." ಇಲ್ಲವೇ, "ಎಲ್ಲಾ ಸರಿಯಿದೆ. ಬಿಡಿ, ಹಾರತ್ತೆ."

ಅಷ್ಟೇ. ಹತ್ತು ನಿಮಿಷದ ಮೇಲೆ ಧಣಿ ಕ್ಯಾಮೆರಾ ಮುಂದೆ, "ನಾನು ಕುದುರೆ ಕಣ್ಣು ನೋಡ್ತೀನಿ. ಕಣ್ಣೇ ಎಲ್ಲಾ ಹೇಳಿಬಿಡುತ್ತೆ" ಎಂದು ಗತ್ತಿನಲ್ಲಿ ಅನ್ನುತ್ತಿದ್ದರು. ಹಿಂದೆ ಬಕೆಟ್ ಹಿಡಿದು ನಿಂತ ಲಾಯದಣ್ಣ ಹೌದೌದೆಂದು ತಲೆಯಾಡಿಸುತ್ತಿದ್ದ. ಒಮ್ಮೆ ಯಾರೋ ಅವನನ್ನೇ ಕೇಳಿದಾಗ ಧಣಿ ಅಡ್ಡಬಾಯಿ ಹಾಕಿ, "ಅವನಿಗೇನ್ರೀ ಗೊತ್ತು, ಹುಲ್ಲು ಹಾಕೋನು" ಅಂದುಬಿಟ್ಟಿದ್ದರು. ಎಲ್ಲರೂ ನಕ್ಕರು. ಲಾಯದಣ್ಣನೂ ನಕ್ಕ.

*

"ತಾಯೀ," ಧಣಿ ಲಾಯದಣ್ಣನ ಹೆಂಡತಿಯ ಮುಂದೆ ಗಂಟಲು ಸರಿಮಾಡಿಕೊಂಡರು, "ಆಸ್ಪತ್ರೇಲಿ... ಕರಿ ಕಾಲಿನ ವಿಷ್ಯ ಏನಾದ್ರೂ ಅಂದ್ನಾ?"

"ಅಂದ್ರು ಧಣಿ. ನಾನೇ ಕೇಳ್ದೆ, ನೀವಿಲ್ದೆ ಕರಿ ಗತಿಯೇನು ಅಂತ. 'ಹುಚ್ಚೀ, ನಾನು ಹುಲ್ಲು ಹಾಕೋನು, ನಂಗೇನು ಗೊತ್ತು? ಧಣಿ ಒಂದ್ಸಲ ಕಣ್ಣು ನೋಡಿದ್ರೆ ಮುಗೀತು' ಅಂದ್ರು." ಆಕೆಯ ಅತ್ತು ಬಾತ ಮುಖದಲ್ಲಿ ಹೆಮ್ಮೆ ಇಣುಕಿತು. "ಇಷ್ಟು ವರ್ಷ ಮನೇಲೂ ಅದೇ ಮಾತು."

ಧಣಿ ಅಂಗಳಕ್ಕೆ ಬಂದು ರೇಸಿನ ಆಫೀಸಿಗೆ ಫೋನ್ ಮಾಡಿದರು.

"ಕರಿ ಓಡಲ್ಲ. ಹೆಸರು ತೆಗೀರಿ."

"ಅಯ್ಯೋ, ಗೆಲ್ಲೋ ಕುದುರೆ ಸಾರ್! ಕಾರಣ ಏನಂತ ಬರ್ಕೊಳ್ಳಲಿ?"

"ನಂಗೆ ಕುದುರೆ ನೋಡೋಕೆ ಬರಲ್ಲ ಅಂತ ಬರ್ಕೊಳ್ಳಿ."

ಗುಮಾಸ್ತ ಗೊಳ್ಳನೆ ನಕ್ಕ. "ನೀವೇ ಹಿಂಗಂದ್ರೆ ಹೆಂಗೆ ಸಾರ್! ಕಾಲುನೋವು ಅಂತ ಹಾಕ್ತೀನಿ ಬಿಡಿ."

ಒಳಗೆ ಹೆಣ ಎತ್ತುವ ಹೊತ್ತಾಗಿತ್ತು. "ಧಣಿಗೆ ತಲೆ ಕಡೆ ಜಾಗ ಬಿಡ್ರಪ್ಪೋ!" ಲಾಳದವನು ಕೂಗಿದ. ತಲೆಯ ಕಡೆಯವರು ಸರಿದರು. ಧಣಿ ಅವರನ್ನೆಲ್ಲ ದಾಟಿ ಕಾಲಿನ ಕಡೆ ಹೋಗಿ ಹೆಗಲು ಕೊಟ್ಟರು. ಬಟ್ಟೆಯಿಂದ ಹೊರಚಾಚಿದ್ದ ಬಿರುಕುಬಿಟ್ಟ ಹಿಮ್ಮಡಿ ಹೆಜ್ಜೆಹೆಜ್ಜೆಗೂ ಅವರ ಕೆನ್ನೆಗೆ ತಗುಲುತ್ತಿತ್ತು. ಅವರು ಮುಖ ಸರಿಸಲಿಲ್ಲ.