ಎತ್ತಬಾರದ ಫೋನ್

ನಮ್ಮ ಗಡಿ ಕಮಾಂಡ್ ಕಚೇರಿಯ ಮೂಲೆ ಕೋಣೆಯಲ್ಲಿ ಒಂದು ಬೂದು ಬಣ್ಣದ ಫೋನಿದೆ. ಅದರಲ್ಲಿ ಅಂಕಿಗಳೇ ಇಲ್ಲ. ಎತ್ತಿದರೆ ನೇರವಾಗಿ ಆಚೆಯ ಸೇನೆಯ ಇಂಥದೇ ಒಂದು ಕೋಣೆಯಲ್ಲಿ ರಿಂಗಾಗುತ್ತದೆ. ಅವರ ಭಾಷೆ ಬರುತ್ತದೆಂಬ ಒಂದೇ ಕಾರಣಕ್ಕೆ ಹನ್ನೊಂದು ವರ್ಷದಿಂದ ನಾನು ಅದಕ್ಕೆ ಕಾವಲು. ದಿನಾ ಬೆಳಿಗ್ಗೆ ಹತ್ತಕ್ಕೆ ಲೈನ್ ಸರಿಯಿದೆಯೇ ಎಂದು ನೋಡಲು ಆಚೆಯವನು ಫೋನ್ ಮಾಡುತ್ತಾನೆ. ಇಷ್ಟು ವರ್ಷ ನಾವಿಬ್ಬರು ಆಡಿದ್ದು ಬರೀ ಮಳೆ ಬಿಸಿಲಿನ ಮಾತು. ಮದುವೆಯಾಗಿದ್ದರೆ ಗಂಡನ ಜೊತೆಗೂ ಇಷ್ಟು ವರ್ಷ ಜಗಳವಿಲ್ಲದೆ ಮಾತಾಡುತ್ತಿರಲಿಲ್ಲ.

ಎರಡೂ ಸೇನೆಗಳ ನಡುವೆ ಒಂದು ಒಪ್ಪಂದವಿತ್ತು. ಹತ್ತು ಗಂಟೆ ಬಿಟ್ಟು ಬೇರೆ ಹೊತ್ತಿನಲ್ಲಿ ಫೋನ್ ಬಂತೆಂದರೆ ಏನೋ ಕೈತಪ್ಪಿ ಹೋಗಿದೆ ಎಂದರ್ಥ, ಕೂಡಲೇ ಎತ್ತಬೇಕು.

ಆಮೇಲೆ ರಾಜಧಾನಿಯಲ್ಲಿ ಯಾರಿಗೋ ಪೌರುಷ ಉಕ್ಕಿತು. ಆಚೆಯವರ ಜೊತೆ ಮಾತು ಬಂದ್, ಗಡಿ ದಾಟಿ ಏನೇ ಬಂದರೂ ಅರ್ಧ ಗಂಟೆಯೊಳಗೆ ಫಿರಂಗಿಯಲ್ಲೇ ಉತ್ತರ ಎಂದು ಟಿವಿಯಲ್ಲಿ ಸಾರಿದರು. ನಮಗೆ ಬಂದ ಆದೇಶ ಒಂದೇ ಸಾಲು: ಫೋನ್ ಎತ್ತಕೂಡದು. ಲೈನ್ ಕಿತ್ತುಹಾಕುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಹೀಗಾಗಿ ರಿಂಗಾಗುವುದನ್ನು ಕೂತು ಕೇಳುವುದು, ನಿಂತ ಮೇಲೆ ದಾಖಲೆ ಪುಸ್ತಕದಲ್ಲಿ ಹೊತ್ತು ಬರೆದು ಮುಂದೆ ‘ಎತ್ತಲಿಲ್ಲ’ ಎಂದು ಸೇರಿಸುವುದು ನನ್ನ ಹೊಸ ಉದ್ಯೋಗವಾಯಿತು.

ಭಾನುವಾರ ನನ್ನ ತಮ್ಮ ಮನೆಗೆ ಫೋನ್ ಮಾಡಿದಾಗ ಇದನ್ನು ಹೇಳಿ ನಕ್ಕೆ. ಅವನು ಗಡಿಗೆ ಅಂಟಿಕೊಂಡ ಒಂಬತ್ತನೇ ಠಾಣೆಯಲ್ಲಿ ಸಿಪಾಯಿ. ವಾರಕ್ಕೊಮ್ಮೆ ಅವನೇ ಮಾಡಬೇಕು, ನಾವು ಮಾಡುವಂತಿಲ್ಲ.

“ನಗಬೇಡ ಅಕ್ಕಾ,” ಎಂದ. “ಆ ಫೋನ್ ಇದೆ ಅಂತಾನೇ ನಾವಿಲ್ಲಿ ಶೂ ಬಿಚ್ಚಿಟ್ಟು ಮಲಗ್ತಿದ್ವಿ.”

ಆದೇಶ ಬಂದ ಆರನೆಯ ದಿನ ಹತ್ತರ ಕರೆ ಬಂದು ನಿಂತಿತು. ಬರೆದೆ. ಹತ್ತೂ ನಲವತ್ತಕ್ಕೆ ಮತ್ತೆ ರಿಂಗಾಗತೊಡಗಿತು. ಪಕ್ಕದ ಕೋಣೆಯ ಅಧಿಕಾರಿಯ ಬಳಿ ಓಡಿದೆ.

“ಸರ್, ಹೊತ್ತಲ್ಲದ ಹೊತ್ತಲ್ಲಿ ಬರ್ತಿದೆ. ಎತ್ತಲಾ?”

“ಆದೇಶ ಓದಿದ್ದೀರಲ್ಲ? ಇರಿ, ಮೇಲೆ ಕೇಳ್ತೀನಿ.”

ಮೇಲಿನವರು ಸಭೆಯಲ್ಲಿದ್ದರು. ಫೋನ್ ನಿಲ್ಲಲೇ ಇಲ್ಲ. ನಾನು ವಾಪಸು ಬಂದು ಎತ್ತಿಬಿಟ್ಟೆ.

ಆಚೆಯವನ ದನಿ ನಡುಗುತ್ತಿತ್ತು. “ಸದ್ಯ, ಎತ್ತಿದ್ರಲ್ಲ! ನಮ್ಮ ತರಬೇತಿ ಡ್ರೋನ್ ಒಂದು ಕೈತಪ್ಪಿ ನಿಮ್ಮ ಕಡೆ ಬರ್ತಿದೆ. ಅದ್ರಲ್ಲಿ ಮದ್ದುಗುಂಡು ಏನೂ ಇಲ್ಲ. ಬೇಕಾದ್ರೆ ಹೊಡೆದು ಬೀಳಿಸಿ. ಫಿರಂಗಿ ಮಾತ್ರ ಹಾರಿಸ್ಬೇಡಿ, ನಮ್ಮವರೂ ಸುಮ್ನಿರಲ್ಲ.”

ಅದನ್ನೆಲ್ಲ ಚೀಟಿಯಲ್ಲಿ ಬರೆದು ಅಧಿಕಾರಿಯ ಮುಂದಿಟ್ಟೆ. ಅವರು ಅದನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯರೇನಲ್ಲ, ಅಮ್ಮನ ಆಪರೇಷನ್ ದಿನ ತಮ್ಮ ಕಾರನ್ನೇ ಕಳಿಸಿದ್ದವರು.

“ಇದನ್ನ ಮೇಲೆ ಕಳಿಸಿದ್ರೆ ಮೊದಲ ಪ್ರಶ್ನೆ ಏನು ಗೊತ್ತಾ? ಫೋನ್ ಎತ್ತಿದ್ದು ಯಾರು ಅಂತ. ನೀವು ಜೈಲಿಗೆ, ನಿಮ್ಮ ಹಿಂದೆ ನಾನು.”

“ಒಂಬತ್ತನೇ ಠಾಣೆಯಲ್ಲಿ ನನ್ನ ತಮ್ಮ ಇದಾನೆ ಸರ್.”

“ಗೊತ್ತಮ್ಮಾ. ಅದು ಎಲ್ಲೋ ಗುಡ್ಡದಲ್ಲಿ ಬಿದ್ದು ಹೋಗುತ್ತೆ, ಯಾರ ಕಣ್ಣಿಗೂ ಬೀಳಲ್ಲ. ಸ್ವಲ್ಪ ನೋಡೋಣ. ನೀವು ಹೋಗಿ ಪುಸ್ತಕ ಬರೀರಿ.”

ಚೀಟಿ ಅವರ ಜೇಬು ಸೇರಿತು. ಪುಸ್ತಕದಲ್ಲಿ ಏನು ಬರೆಯಲಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಚೀಟಿ ಕಿತ್ತುಕೊಂಡು ಮಹಡಿ ಹತ್ತಿ ಸಭೆಯ ಬಾಗಿಲು ಒದೆಯಬಹುದಿತ್ತು. ಬಾಯಿ ಜೋರು ಎಂದು ಇಡೀ ಕಚೇರಿಯಲ್ಲಿ ಹೆಸರಾದವಳು ನಾನು. ಜೈಲು ಎಂಬ ಒಂದು ಮಾತಿಗೆ ಬಾಲ ಮುದುರಿಕೊಂಡು ಬಂದು ಕೂತೆ. ಹತ್ತೂ ನಲವತ್ತು, ಎತ್ತಲಿಲ್ಲ ಎಂದು ಬರೆದೆ. ಅಕ್ಷರಗಳು ದುಂಡಗೇ ಬಂದವು. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಡ್ರೋನ್ ರಾಡಾರಿನವರ ಕಣ್ಣಿಗೆ ಬಿತ್ತು. ಹನ್ನೊಂದೂ ಐದಕ್ಕೆ ನಮ್ಮ ಫಿರಂಗಿಗಳು ಶುರುವಾದವು, ಕಿಟಕಿ ಗಾಜು ಅದುರಿತು. ಫೋನ್ ಮತ್ತೆ ರಿಂಗಾಯಿತು. ಈ ಸಲ ಅಧಿಕಾರಿಯೇ ಬಾಗಿಲಲ್ಲಿ ನಿಂತಿದ್ದರು, ನಾನು ಎತ್ತಲಿಲ್ಲ. ಹನ್ನೊಂದೂವರೆಗೆ ಆಚೆಯಿಂದ ಉತ್ತರ ಬಂತು. ಒಂಬತ್ತನೇ ಠಾಣೆಯಲ್ಲಿದ್ದ ಹದಿನಾಲ್ಕು ಜನರಲ್ಲಿ ಮೂವರು ಉಳಿದರು. ನನ್ನ ತಮ್ಮ ಆ ಮೂವರಲ್ಲಿ ಇರಲಿಲ್ಲ.

ಮುಂಚೆಯೇ ಎಚ್ಚರಿಸಿದ್ದೆವು ಎಂದು ಆಚೆಯವರು ಲೋಕಕ್ಕೆಲ್ಲ ಹೇಳಿದರು. ಶುದ್ಧ ಸುಳ್ಳು ಎಂದು ನಮ್ಮವರು ನಾನು ಬರೆದ ಪುಟವನ್ನೇ ಟಿವಿಯಲ್ಲಿ ತೋರಿಸಿದರು. ನನ್ನ ಕೈಬರಹ ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಟಿವಿ ಆರಿಸಿ ಬಂದು ನನ್ನ ಪಕ್ಕ ಕೂತಳು. ನಾನು ತಲೆ ಎತ್ತಲಿಲ್ಲ.

“ಅಳಬೇಡ ಮಗಳೇ,” ಎಂದು ನನ್ನ ಬೆನ್ನು ಸವರಿದಳು. “ಎತ್ತಬೇಡ ಅಂದ್ರು, ನೀನು ಎತ್ತಲಿಲ್ಲ. ನಿನ್ನ ತಪ್ಪೇನಿದೆ? ಗೊತ್ತಿದ್ದಿದ್ರೆ ನೀನು ಸುಮ್ನೆ ಕೂತಿರ್ತಿದ್ಯಾ?”

“ಇಲ್ಲಮ್ಮಾ,” ಎಂದೆ.